ತೆಗೆದುಹಾಕಿದ ಚಪ್ಪಾಳೆ

ಜನರನ್ನು ಮಾತಾಡಿಸುವುದು ನನ್ನ ಕೆಲಸ. ಇಂದಿರಾನಗರದ ಹಳೆಯ ಮನೆಯೊಂದರ ಮಹಡಿಯಲ್ಲಿ ಒಂದು ಕೋಣೆ ಹಿಡಿದು, ಗೋಡೆಗೆಲ್ಲ ಸ್ಪಂಜು ಅಂಟಿಸಿ, ಎರಡು ಕುರ್ಚಿ, ಎರಡು ಮೈಕು, ಮೂರು ಕ್ಯಾಮೆರಾ ಇಟ್ಟುಕೊಂಡಿದ್ದೇನೆ. ತಿಳಿದವರನ್ನು ಕರೆಸಿ ಎರಡು ಮೂರು ಗಂಟೆ ಮಾತಾಡಿಸಿ, ಮೊಬೈಲಿನಲ್ಲಿ ನೋಡುವವರಿಗೆ ಬಿಡುತ್ತೇನೆ. ನಕ್ಷತ್ರ ನೋಡುವವರು, ಶಾಸನ ಓದುವವರು, ಚುನಾವಣೆ ಅಳೆಯುವವರು, ಮನಸ್ಸಿನ ಒಳಹೊರಗು ಬಲ್ಲವರು ಎಲ್ಲ ಆ ಎದುರು ಕುರ್ಚಿಯಲ್ಲಿ ಕೂತು ಎದ್ದಿದ್ದಾರೆ. ಪ್ರಜಾಪ್ರಭುತ್ವದ ಬಗ್ಗೆ ಎರಡೂವರೆ ಗಂಟೆ ಮಾತಾಡಿ ಕಣ್ಣಲ್ಲಿ ನೀರು ತಂದುಕೊಂಡ ಒಬ್ಬರು, ಕೆಳಗಿಳಿದ ಕೂಡಲೇ ತಮ್ಮ ಡ್ರೈವರನ್ನು ಬಾಯಿಗೆ ಬಂದಂತೆ ಬೈದರು. ಅದನ್ನು ಕಿಟಕಿಯಿಂದ ನೋಡಿ ಚೆನ್ನಾಗಿ ನಕ್ಕಿದ್ದೆ. ಆಗೆಲ್ಲ ನನಗೆ ನನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

‘ನಿಮ್ಮಷ್ಟು ತಾಳ್ಮೆಯಿಂದ ಕೇಳೋರು ಯಾರೂ ಇಲ್ಲ ಸರ್’ ಎಂದು ಜನ ಬರೆಯುತ್ತಿದ್ದರು. ನಿಜ ಏನೆಂದರೆ, ಎದುರಿನವರು ಮಾತಾಡುವಾಗ ನಾನು ಅರ್ಧ ಹೊತ್ತು ಬೇರೆಯೇ ಲೆಕ್ಕದಲ್ಲಿರುತ್ತಿದ್ದೆ. ಈ ಮೂರು ಗಂಟೆಯಲ್ಲಿ ಯಾವ ನಲವತ್ತು ಸೆಕೆಂಡನ್ನು ಕತ್ತರಿಸಿ ಬೇರೆಯಾಗಿ ಬಿಡಬಹುದು ಎಂಬ ಲೆಕ್ಕ. ಮೂರು ಗಂಟೆಯನ್ನು ಪೂರ್ತಿ ನೋಡುವವರು ಕಡಿಮೆ. ಆ ನಲವತ್ತು ಸೆಕೆಂಡು ಊರೆಲ್ಲ ಸುತ್ತಿ, ಒಂದಷ್ಟು ಜನರನ್ನು ಕರೆದುಕೊಂಡು ಬರಬೇಕು. ತಲೆ ಆಡಿಸುತ್ತಾ, ‘ಹೌದಾ, ಆಮೇಲೆ?’ ಎನ್ನುತ್ತಾ, ಒಳಗೊಳಗೇ ಅದನ್ನು ಹುಡುಕುತ್ತಿರುತ್ತೇನೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಮಾತಿನ ನಡುವೆ ಬಂದವರು ಬಾಯಿತಪ್ಪಿ ಏನನ್ನೋ ಹೇಳಿ, ‘ಇದು ಬೇಡ, ತೆಗೆದುಬಿಡಿ’ ಎಂದರೆ ನಾನು ಮೈಕಿನ ಹತ್ತಿರ ಒಂದು ಚಪ್ಪಾಳೆ ಹೊಡೆಯುತ್ತೇನೆ. ಆಮೇಲೆ ಕಂಪ್ಯೂಟರಿನಲ್ಲಿ ನೋಡಿದರೆ, ಮಾತುಗಳ ಸಣ್ಣ ಸಣ್ಣ ಗೆರೆಗಳ ನಡುವೆ ಆ ಚಪ್ಪಾಳೆ ಕಂಬದ ಹಾಗೆ ಎದ್ದು ನಿಂತಿರುತ್ತದೆ. ಎಲ್ಲಿ ಕತ್ತರಿಸಬೇಕೆಂದು ಹುಡುಕಬೇಕಾಗಿಲ್ಲ. ಇದನ್ನು ನಾನು ಎಲ್ಲರಿಗೂ ಮೊದಲೇ ವಿವರಿಸುತ್ತೇನೆ. ಚಪ್ಪಾಳೆಯ ಭರವಸೆ ಸಿಕ್ಕಿದ ಮೇಲೆ ಜನ ನಿರಾಳವಾಗಿ ಮಾತಾಡುತ್ತಾರೆ.

ಹೋದ ವರ್ಷ ಹಲಸೂರಿನಿಂದ ಒಬ್ಬರು ಮೇಡಂ ಬಂದಿದ್ದರು. ಕಂಟೋನ್ಮೆಂಟ್ ಕಡೆಯ ಕಾಲೇಜೊಂದರಲ್ಲಿ ಬಹಳ ವರ್ಷ ಮನಃಶಾಸ್ತ್ರ ಕಲಿಸಿ ನಿವೃತ್ತರಾದವರು. ಕಣ್ಣು ಸ್ವಲ್ಪ ಮಂದವಾದ್ದರಿಂದ ತಂಗಿಯನ್ನು ಜೊತೆಗೆ ಕರೆತಂದಿದ್ದರು. ಆ ತಂಗಿಗೂ ಅರವತ್ತರ ಮೇಲೆ. ಮನೆಯಲ್ಲೇ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ ಎಂದರು. ಕ್ಯಾಮೆರಾಗಳ ಹಿಂದೆ, ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತರು. ನಾನು ಚಪ್ಪಾಳೆಯ ವಿಷಯ ಹೇಳುವಾಗ ಅಕ್ಕನಿಗಿಂತ ಅವರೇ ಹೆಚ್ಚು ಗಮನ ಕೊಟ್ಟು ಕೇಳಿದರು.

“ಹಾಗಾದ್ರೆ ಆ ಚಪ್ಪಾಳೆನೂ ಹೋಗುತ್ತಾ?”

“ಮಾತೂ ಹೋಗುತ್ತೆ, ಚಪ್ಪಾಳೆನೂ ಹೋಗುತ್ತೆ ಅಮ್ಮಾ. ಏನೂ ನಡೆದೇ ಇಲ್ಲ ಅನ್ನೋ ಹಾಗೆ.”

ಅವರು ಸಮಾಧಾನದಿಂದ ನಕ್ಕರು.

ಅಂದಿನ ವಿಷಯ, ಮನಸ್ಸಿನ ಕಾಯಿಲೆಯನ್ನು ಮನೆಯವರು ಏಕೆ ಮುಚ್ಚಿಡುತ್ತಾರೆ ಎಂಬುದು. ಮೇಡಂ ಬಹಳ ಚೆನ್ನಾಗಿ ಮಾತಾಡಿದರು. ಎರಡು ಗಂಟೆ ಆದ ಮೇಲೆ, ಮಾತಿನ ಓಘದಲ್ಲಿ, “ಬೇರೆಯವರ ವಿಷಯ ಯಾಕೆ? ನನ್ನ ತಂಗಿಗೇ ಇಲ್ಲದ ದನಿಗಳು ಕಿವೀಲಿ ಕೇಳಿಸ್ತಿದ್ವು. ವರ್ಷಗಟ್ಟಲೆ ಆಸ್ಪತ್ರೇಲಿದ್ಲು. ಮನಃಶಾಸ್ತ್ರ ಪಾಠ ಮಾಡೋ ನಾನು ಕಾಲೇಜಿನಲ್ಲಿ, ಬೀದೀಲಿ ಎಲ್ಲಾ ಕಡೆ, ಅವಳು ಮೈಸೂರಲ್ಲಿ ಕೆಲಸದಲ್ಲಿದ್ದಾಳೆ ಅಂತ ಹೇಳ್ಕೊಂಡು ತಿರುಗಿದೆ” ಎಂದುಬಿಟ್ಟರು. ಹೇಳಿದವರ ಕಣ್ಣು ಮೂಲೆಯ ಕಡೆ ಹೋಯಿತು. ತಂಗಿ ತಲೆ ತಗ್ಗಿಸಿದ್ದರು. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕಡೆ ತಿರುಗಿ, “ಇದು ಬೇಡಪ್ಪ. ತೆಗೆದುಬಿಡಿ. ಅವಳ ಹತ್ರ ಮಕ್ಕಳು ಬರ್ತಾರೆ” ಎಂದರು.

ನಾನು ಚಪ್ಪಾಳೆ ಹೊಡೆದೆ. ಜೋರಾಗಿ, ಒಂದೇ ಒಂದು. ಮೂಲೆಯಲ್ಲಿದ್ದವರು ತಲೆಯೆತ್ತಿದರು.

ಹೊಡೆಯುವಾಗ ತೆಗೆಯಬೇಕೆಂದೇ ಇದ್ದೆ. ಇಷ್ಟನ್ನಾದರೂ ನಂಬಿ. ಆದರೆ ಎರಡು ದಿನ ಬಿಟ್ಟು ಕತ್ತರಿಸಲು ಕೂತಾಗ ನಾನು ಹುಡುಕುತ್ತಿದ್ದ ನಲವತ್ತು ಸೆಕೆಂಡು ಅಲ್ಲೇ ಇತ್ತು. ಕಂಬ ನೆಟ್ಟು ಗುರುತು ಮಾಡಿಟ್ಟಿದ್ದವನು ನಾನೇ. ಅದರ ಹಿಂದಿನ ಮೂರು ಮಾತುಕತೆಗಳನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಇದನ್ನು ಬಿಟ್ಟರೆ ಎಷ್ಟು ಮನೆಗಳಿಗೆ ಧೈರ್ಯ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಮಾಜಕ್ಕೆ ಒಳ್ಳೆಯದಾಗುತ್ತದೆ ಎಂದುಕೊಂಡೆ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಬೇಡ ಎನ್ನುತ್ತಾರೆಂದು ಗೊತ್ತಿದ್ದರಿಂದಲೇ ಕೇಳಲಿಲ್ಲ.

ಕಥೆಯನ್ನು ಉಳಿಸಿ, ‘ಇದು ಬೇಡಪ್ಪ’ ಎಂಬಲ್ಲಿಂದ ಚಪ್ಪಾಳೆಯವರೆಗೆ ಕತ್ತರಿಸಿದೆ. ಎರಡು ತುದಿಗಳನ್ನು ಎಷ್ಟು ನಾಜೂಕಾಗಿ ಸೇರಿಸಿದೆನೆಂದರೆ, ಮೇಡಂ ಮೂಲೆಯ ಕಡೆ ನೋಡಿ ಸುಮ್ಮನಾದದ್ದು ದೊಡ್ಡ ನಿಟ್ಟುಸಿರಿನ ಹಾಗೆ ಕಂಡಿತು. ಅದರ ಕೆಳಗೆ ಮೆಲ್ಲಗೆ ವೀಣೆ ಹಾಕಿದೆ. ಹಳದಿ ಅಕ್ಷರದಲ್ಲಿ ‘ಮನೆಯೊಳಗಿನ ಸತ್ಯ’ ಎಂದು ಬರೆದೆ. ಆ ತುಣುಕನ್ನು ಮೇಡಂಗೂ ಕಳಿಸಿದೆ, ಕೈ ಮುಗಿದ ಚಿತ್ರದ ಸಮೇತ. ನೋಡಿದರೆಂದು ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಭಾವುಕರಾಗಿರಬೇಕು ಎಂದುಕೊಂಡೆ. ಈಗ ನೆನೆದರೆ ಮೈಯೆಲ್ಲ ಮುದುಡುತ್ತದೆ.

ತುಣುಕು ಓಡಿತು. ಜನ ಬರೆದದ್ದಕ್ಕೆಲ್ಲ ಸಾಲಾಗಿ ಕೆಂಪು ಹೃದಯ ಒತ್ತುತ್ತಾ ಹೋಗುವುದು ನನ್ನ ಬೆಳಗಿನ ಅಭ್ಯಾಸ. ಓದುವುದು ಆಮೇಲೆ, ಪುರುಸೊತ್ತಾದರೆ. ಒಂದು ವಾರ ಕಳೆದು ಕಗ್ಗದಾಸಪುರದ ನಮ್ಮ ಮನೆಯಲ್ಲಿ ತಿಂಡಿಗೆ ಕೂತು ಓದುತ್ತಿದ್ದಾಗ ಒಂದು ಕಣ್ಣಿಗೆ ಬಿತ್ತು. ‘ಇವರ ತಂಗಿ ನಮ್ಮ ಬೀದಿಯ ಟ್ಯೂಷನ್ ಮಿಸ್. ನಮಗೆ ಗೊತ್ತೇ ಇರಲಿಲ್ಲ. ಮಗಳನ್ನು ಬಿಡಿಸಿದ್ವಿ. ತಿಳಿಸಿದ್ದಕ್ಕೆ ಧನ್ಯವಾದ.’ ಅದರ ಪಕ್ಕದಲ್ಲಿ ನಾನು ಒತ್ತಿದ ಕೆಂಪು ಹೃದಯವಿತ್ತು.

ತಟ್ಟೆ ಸರಿಸಿದೆ. ತುಣುಕನ್ನೂ, ಇಡೀ ಮಾತುಕತೆಯನ್ನೂ ಅಳಿಸಿದೆ. ಆಗಲೇ ಅದನ್ನು ಯಾರ್ಯಾರೋ ತಮ್ಮದೆಂದು ಹಾಕಿಕೊಂಡಿದ್ದರು. ಎಲ್ಲ ಕೇಳಿದ ಹೆಂಡತಿ, “ಫೋನ್ ಮಾಡ್ಬೇಡಿ, ಹೋಗಿ. ಎದುರು ನಿಂತ್ಕೊಂಡು ಬೈಸ್ಕೊಂಡು ಬನ್ನಿ” ಎಂದಳು. ಆ ಸಂಜೆ ಐದರ ಹೊತ್ತಿಗೆ ಸ್ಕೂಟರ್ ಹತ್ತಿ ಹಲಸೂರಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ದೊಮ್ಮಲೂರಿನ ಸಿಗ್ನಲ್ಲಿನಲ್ಲಿ ನಿಂತಾಗ, ಅದರಲ್ಲೂ ಚೆನ್ನಾಗಿ ಕೇಳಿಸುವ ಸಾಲುಗಳನ್ನು ಆರಿಸುತ್ತಿದ್ದೇನೆಂದು ಗೊತ್ತಾಗಿ ಅಸಹ್ಯವಾಯಿತು.

ಬಾಗಿಲು ತೆಗೆದದ್ದು ತಂಗಿ. “ಅಕ್ಕ ಒಳಗಿದ್ದಾಳೆ. ನಿಮ್ಮ ಹತ್ರ ಮಾತಾಡಲ್ಲ ಅಂದಿದ್ದಾಳೆ. ನೀವು ಬನ್ನಿ, ಕೂತ್ಕೊಳ್ಳಿ” ಎಂದರು. ಮುಂದಿನ ಕೋಣೆಯಲ್ಲಿ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. ಒಂದು ಮಾತ್ರ ಹಾಸಿತ್ತು. ಅದರ ಮೇಲೆ ಒಬ್ಬಳೇ ಹುಡುಗಿ ಕೂತು ಭಾಗಾಕಾರ ಮಾಡುತ್ತಿದ್ದಳು. ಅವಳನ್ನು ಲೆಕ್ಕದ ಪುಸ್ತಕದ ಸಮೇತ ವರಾಂಡಕ್ಕೆ ಕಳಿಸಿದರು.

“ತಪ್ಪಾಯ್ತು ಅಮ್ಮಾ” ಎಂದೆ. ಜೋಡಿಸಿಕೊಂಡು ಬಂದಿದ್ದ ಬೇರೆ ಯಾವ ಸಾಲೂ ಬಾಯಿಗೆ ಬರಲಿಲ್ಲ. “ಎಲ್ಲಾ ಅಳಿಸಿದೀನಿ. ಮಕ್ಕಳ ಮನೆಗಳಿಗೆ ನಾನೇ ಹೋಗಿ ಮಾತಾಡ್ತೀನಿ.”

ಅವರು ಆ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಎದುರಿನ ಸ್ಟೂಲಿನ ಮೇಲೆ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ದನಿ ತಗ್ಗಿಸಿ ಕೇಳಿದರು.

“ನಾನೊಂದು ಕೇಳ್ತೀನಿ, ನಿಜ ಹೇಳ್ತೀರಾ? ಅವತ್ತು ನೀವು ಚಪ್ಪಾಳೆ ಹೊಡೆದ್ರಾ?”

ನನಗೆ ಅರ್ಥವಾಗಲಿಲ್ಲ.

“ನನಗೆ ಕೇಳಿಸ್ತು. ಇಲ್ಲೇ, ಕಿವಿ ಹತ್ರಾನೇ ಹೊಡೆದ ಹಾಗೆ. ಆದ್ರೆ ವಿಡಿಯೋದಲ್ಲಿ ಇಲ್ಲ. ಚಪ್ಪಾಳೆ ಹೋದ್ರೆ ಮಾತೂ ಹೋಗುತ್ತೆ ಅಂದಿದ್ರಲ್ಲ? ಮಾತು ಹಾಗೇ ಇದೆ. ಇಯರ್‌ಫೋನ್ ಹಾಕ್ಕೊಂಡು ಎಷ್ಟು ಸಲ ಕೇಳ್ದೆ ಗೊತ್ತಾ? ಆ ಜಾಗದಲ್ಲಿ ಏನೂ ಇಲ್ಲ, ಅಕ್ಕ ಬೇಡ ಅಂದಿದ್ದೂ ಇಲ್ಲ. ಅಕ್ಕನ್ನ ಕೇಳಿದ್ರೆ ಹೊಡೆದ್ರು ಅಂತಾಳೆ. ಅವಳು ನನ್ನ ಸಮಾಧಾನಕ್ಕೆ ಯಾವಾಗ್ಲೂ ಹಾಗೇ ಹೇಳೋದು. ಅದಕ್ಕೆ...” ಅವರು ಒಳಕೋಣೆಯ ಕಡೆ ಒಮ್ಮೆ ನೋಡಿದರು. “ಹಳೇದು ಮತ್ತೆ ಶುರುವಾಯ್ತೇನೋ ಅಂತ ನಾಳೆ ಡಾಕ್ಟರ್ ಹತ್ರ ಹೋಗೋಣ ಅಂತಿದ್ದೆ.”

ಬೈಸಿಕೊಳ್ಳಲು ಸಿದ್ಧನಾಗಿ ಬಂದಿದ್ದೆ. ಇದಕ್ಕೆ ಸಿದ್ಧನಾಗಿರಲಿಲ್ಲ. ಎಷ್ಟೋ ವರ್ಷ ಮಾತ್ರೆ ನುಂಗಿ, ಯಾವುದು ಹೊರಗಿನ ಸದ್ದು, ಯಾವುದು ಒಳಗಿನದು ಎಂದು ಬೇರೆ ಮಾಡಲು ಕಲಿತವರ ಕಿವಿಯನ್ನು ನಾನು ಸುಳ್ಳು ಮಾಡಿದ್ದೆ. ಅದೂ ಅಷ್ಟು ನಾಜೂಕಾಗಿ. ಅವರ ಮುಖ ನೋಡುವ ಯೋಗ್ಯತೆ ನನಗಿರಲಿಲ್ಲ. ಆದರೂ ನೋಡಿದೆ, ಏಕೆಂದರೆ ಅವರು ಉತ್ತರಕ್ಕೆ ಕಾಯುತ್ತಿದ್ದರು.

“ಹೊಡೆದೆ ಅಮ್ಮಾ. ಚಪ್ಪಾಳೆ ಹೊಡೆದೆ. ಆಮೇಲೆ ಅದನ್ನೂ, ಅಕ್ಕ ಬೇಡ ಅಂದಿದ್ದನ್ನೂ ಮಾತ್ರ ತೆಗೆದೆ.”

ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ಕೋಪ ಬರಬಹುದೆಂದು ಕಾದೆ. ಬರಲಿಲ್ಲ. ಎದ್ದು, ಒಳಕೋಣೆಯ ಬಾಗಿಲಿನ ಹತ್ತಿರ ಹೋಗಿ, ಪರೀಕ್ಷೆ ಪಾಸಾದ ಮಗುವಿನ ದನಿಯಲ್ಲಿ ಕೂಗಿದರು.

“ಅಕ್ಕಾ, ಹೊಡೆದಿದ್ರಂತೆ ಕಣೇ. ನನಗೆ ಕೇಳ್ಸಿದ್ದು ಸರಿಯಾಗೇ ಕೇಳ್ಸಿದೆ!”

ಅವರು ನನ್ನ ಕಡೆ ತಿರುಗಿ, “ಬಂದು ಹೇಳಿದ್ದು ಒಳ್ಳೇದಾಯ್ತು ನೋಡಿ. ತುಂಬಾ ಥ್ಯಾಂಕ್ಸ್. ಕಾಫಿ ಕುಡೀತೀರಾ?” ಎಂದು ಕೇಳಿದರು.