ಕೆನ್ನೆಯ ಮೇಲಿನ ನವಿರು

ಹಳೆಯ ಕೈಚೀಲವನ್ನು ಕೊಡವುವಾಗ ಒಳಜೇಬಿನಿಂದ ದಾರದ ರೀಲೊಂದು ಬಿತ್ತು. ಬ್ಯೂಟಿ ಪಾರ್ಲರ್‌ಗಳಲ್ಲಿ ಮುಖದ ಕೂದಲು ತೆಗೆಯುತ್ತಾರಲ್ಲ, ಆ ದಾರ. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರಲಿಲ್ಲ. ಓನರ್ ಆಂಟಿಗೆಂದು ಕೊಂಡದ್ದು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು.

ರಾಜಗೋಪಾಲನಗರದಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಪೀಣ್ಯಕ್ಕೆ ಕಾರ್ಖಾನೆಗಳು ಬರುವ ಮೊದಲಿನಿಂದ ಅಲ್ಲೇ ಇದ್ದ ಒಕ್ಕಲು ಮನೆತನ ಅವರದು. ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದ ನನಗೆ ಸಂಜೆಯ ಪಾಳಿ. ಹಾಗಾಗಿ ಬೆಳಗಿನ ಕಾಫಿ ಅವರ ಜಗಲಿಯಲ್ಲೇ ಆಗುತ್ತಿತ್ತು.

ಒಂದು ಬೆಳಗ್ಗೆ ಅವರು ಮುಖವನ್ನು ಬಿಸಿಲಿಗೆ ಒಡ್ಡಿ ಕೂತಿದ್ದರು. ಹಣೆ, ಕೆನ್ನೆ, ಮೂಗಿನ ತುದಿಯ ಮೇಲೂ ಹಸುಗೂಸಿನ ಬೆನ್ನಿಗಿರುವಂಥ ಬಿಳಿ ನವಿರು. ಎರಡು ತಿಂಗಳ ಹಿಂದೆ ಅದಿರಲಿಲ್ಲ.

"ನೋಡವ್ವಾ, ನಮ್ಮಪ್ಪ ಜಮೀನು ಕೊಡ್ಲಿಲ್ಲ, ಮೀಸೆ ಕೊಟ್ಟವ್ನೆ" ಎಂದು ನಕ್ಕರು.

"ವಯಸ್ಸಾದ್ಮೇಲೆ ಇದೆಲ್ಲಾ ಇರುತ್ತೆ ಆಂಟಿ. ಥ್ರೆಡಿಂಗ್ ಮಾಡಿಸಿದ್ರೆ ಆಯ್ತು" ಎಂದೆ. ಪಾರ್ಲರ್‌ಗೆ ಕರೆದೊಯ್ದವಳೂ ನಾನೇ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋಗತೊಡಗಿದರು. ಕೂದಲು ಮತ್ತೆ ಬರುತ್ತಿತ್ತು, ಮೊದಲಿಗಿಂತ ಬೇಗ. ಈ ನಡುವೆ ನಾಲಿಗೆ ಉರಿ ಎಂದರು, ಮುದ್ದೆ ಮುಟ್ಟುವುದು ಬಿಟ್ಟರು, ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಕೊನೆಗೆ ಬೀದಿಯ ಕ್ಲಿನಿಕ್ಕಿಗೆ ಬರಲು ಒಪ್ಪಿಸಿದೆ. ಹೊರಡುವ ದಿನ ಬೆಳಗ್ಗೆ ಅವರು ಮೊದಲು ಹೋದದ್ದು ಪಾರ್ಲರ್‌ಗೆ.

"ಡಾಕ್ಟ್ರು ಗಂಡಸು ಕಣವ್ವಾ. ಕರಡಿ ಅಂಗೆ ಓಗಕ್ಕಾಯ್ತದಾ?"

ನುಣುಪು ಮುಖ, ಪೌಡರ್, ಒಗೆದ ಸೀರೆ. ಡಾಕ್ಟರು ನಾಲಿಗೆ ನೋಡಿ ವಿಟಮಿನ್ ಮಾತ್ರೆ ಬರೆದರು. ಮೂರು ಸಲ ಹೋದೆವು. ಮೂರು ಸಲವೂ ಹಾಗೆಯೇ...

ನವಿರು ಕಂಡ ಐದನೇ ತಿಂಗಳು ಅವರು ಬಚ್ಚಲಲ್ಲಿ ಬಿದ್ದರು. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ವಾರ ಕಳೆಯುವಷ್ಟರಲ್ಲಿ ನವಿರು ಮತ್ತೆ ಮುಖ ತುಂಬಿತು. ಚರ್ಮದ ಲೇಡಿ ಡಾಕ್ಟರೊಬ್ಬರು ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. ಸ್ಕ್ಯಾನ್ ಮಾಡಿಸಿದರು. ಕರುಳಿನ ಕ್ಯಾನ್ಸರ್, ಲಿವರ್‌ಗೂ ಹರಡಿತ್ತು. ಹೀಗೆ ಏಕಾಏಕಿ ಬೆಳೆಯುವ ಕೂದಲು ಅಪರೂಪಕ್ಕೆ ಒಳಗಿನ ಗಡ್ಡೆಯ ಗುರುತಾಗಿರುತ್ತದೆ ಎಂದು ಅವರು ವಿವರಿಸಿದರು.

"ಇಷ್ಟು ದಿನ ಯಾರೂ ನೋಡ್ಲಿಲ್ವಾ?"

"ನೋಡಿದ್ವಿ ಮೇಡಂ. ತೆಗೆಸ್ತಾ ಇದ್ವಿ."

ಅವರು ಫೈಲಿನಲ್ಲಿ ಬರೆದುಕೊಳ್ಳತೊಡಗಿದರು. ಮೊದಲೇ ಗೊತ್ತಾಗಿದ್ದರೆ ಆಂಟಿ ಉಳಿಯುತ್ತಿದ್ದರೇ ಎಂದು ನಾನು ಕೇಳಲಿಲ್ಲ. ಊರವರನ್ನೆಲ್ಲ ಪ್ರಶ್ನೆ ಕೇಳುವುದೇ ನನ್ನ ಕೆಲಸವಾಗಿತ್ತು. ಆ ಒಂದು ಪ್ರಶ್ನೆ ಮಾತ್ರ ಬಾಯಿಗೆ ಬರಲಿಲ್ಲ.

ಕೊನೆಯ ವಾರ ಆಂಟಿ ನನ್ನ ಕೈ ಹಿಡಿದು ಹೇಳಿದರು: "ನೆಂಟ್ರು ಬರ್ತಾವ್ರೆ ಮಗಾ. ಒಂದ್ ದಾರ ತತ್ತಾ. ಈ ಮಕ ಎಂಗ್ ತೋರ್ಸ್ಲಿ?"

ಗೇಟಿನೆದುರಿನ ಅಂಗಡಿಯಲ್ಲಿ ರೀಲು ಕೊಂಡೆ. ವಾರ್ಡಿಗೆ ಬರುವಷ್ಟರಲ್ಲಿ, ತೆಗೆಸಿದ್ದರಿಂದಲೇ ಇಷ್ಟೆಲ್ಲ ಆಯಿತೆನಿಸಿ, ಮನಸ್ಸು ಬದಲಾಗಿತ್ತು. "ಬೇಡ ಆಂಟಿ, ಡಾಕ್ಟ್ರು ನೋಡ್ಬೇಕಂತೆ" ಎಂದೆ. ಅದು ಸುಳ್ಳು. ಡಾಕ್ಟರಿಗೆ ನೋಡುವಂಥದ್ದು ಏನೂ ಉಳಿದಿರಲಿಲ್ಲ. ಆಂಟಿ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡರು. ನೆಂಟರು ಬಂದು ಹೋಗುವವರೆಗೂ ಅದನ್ನು ಸರಿಸಲೇ ಇಲ್ಲ...

ತೆಗೆಸಬಾರದಿದ್ದಾಗ ತೆಗೆಸಿದೆ. ತೆಗೆದರೆ ಯಾರಿಗೂ ನಷ್ಟವಿಲ್ಲದಿದ್ದಾಗ ಬೇಡವೆಂದೆ.

ರೀಲನ್ನು ಕಸಕ್ಕೆ ಹಾಕಲು ಎದ್ದವಳು ಮತ್ತೆ ಒಳಜೇಬಿಗೇ ಹಾಕಿದ್ದೇನೆ.