ಗಿರಿಜಾ ಮಿಸ್ ಮತ್ತು ತಣ್ಣನೆ ಮೂಲೆ

ನಾವು ಸ್ಲೇಟು ಬಳಪ ಹಿಡಿದು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಪೆಟ್ಟಿಲ್ಲದ ಪಾಠ ಉಪ್ಪಿಲ್ಲದ ಸಾರಿನ ಹಾಗೆ ಎಂದು ಊರಿಗೆ ಊರೇ ನಂಬಿತ್ತು. ಮಕ್ಕಳನ್ನು ಸೇರಿಸಲು ಬಂದ ಅಪ್ಪಂದಿರು ಮೇಷ್ಟ್ರಿಗೆ ಹೇಳುತ್ತಿದ್ದುದು ಒಂದೇ ಮಾತು: "ಕಣ್ಣೆರಡು ಬುಟ್ಟು ಇನ್ನೆಲ್ಲಿಗಾದ್ರೂ ಹೊಡೀರಿ ಸಾ." ಅದನ್ನು ಕೇಳಿಸಿಕೊಂಡೇ ನಾವು ಒಳಗೆ ಹೋಗಿ ಕೂರುತ್ತಿದ್ದೆವು. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಹೋಗಿ ಕೂತವರಿರಬಹುದು.

ಶೆಟ್ಟಿಕೆರೆ ರಸ್ತೆಯಲ್ಲಿ ಬಸ್ಸಿಳಿದು ತೋಟಗಳ ನಡುವೆ ನಡೆದರೆ ನಮ್ಮ ಸ್ಕೂಲು. ಹೆಂಚಿನ ಎರಡು ಕೋಣೆ, ಮುಂದೊಂದು ಜಗಲಿ, ಪಕ್ಕದಲ್ಲಿ ಬಿಸಿಯೂಟದ ಅಡುಗೆ ಮನೆ. ಮಳೆಗಾಲದಲ್ಲಿ ನೆನೆದ ತೆಂಗಿನ ಸಿಪ್ಪೆಯ ವಾಸನೆ, ಬೇಯುವ ಬೇಳೆಯ ವಾಸನೆ ಎರಡೂ ಬೆರೆತು ಕಿಟಕಿಯಿಂದ ಒಳಗೆ ಬರುತ್ತಿದ್ದವು. ದೊಡ್ಡ ಮೇಷ್ಟ್ರು ಎಂದು ನಾವು ಕರೆಯುತ್ತಿದ್ದ ಹೆಡ್‌ಮಾಸ್ಟರು ನಮ್ಮಪ್ಪನಿಗೂ ಪಾಠ ಹೇಳಿದವರು. ವರ್ಷಗಟ್ಟಲೆ ಐದೂ ಕ್ಲಾಸನ್ನು ಒಬ್ಬರೇ ಎಳೆದಿದ್ದರು. ಅವರ ಕೈಯಲ್ಲಿ ಸದಾ ಹುಣಸೆ ಬರಲಿನ ಕೋಲು ಇರುತ್ತಿತ್ತು. ಕೆಟ್ಟವರಲ್ಲ. ಅಷ್ಟು ಮಕ್ಕಳನ್ನು ಒಂದು ಕಡೆ ಕೂರಿಸಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ.

ಆ ಬರಲಿಗೂ ಬಗ್ಗದವಳೆಂದರೆ ಈರಿ. ಕೆರೆಯಾಚೆಯ ಹಟ್ಟಿಯವಳು, ಕುರಿ ಸಾಕುವ ಮನೆ. ಮೂರನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಗಲಾಟೆ ಜಾಸ್ತಿಯಾದರೆ ಅವಳಿಗೆ ಏನೋ ಆಗಿಬಿಡುತ್ತಿತ್ತು. ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು, ಹತ್ತಿರ ಇದ್ದವರನ್ನು ಪರಚುತ್ತಿದ್ದಳು, ಇಲ್ಲವೇ ಬಾಗಿಲು ದಾಟಿ ತೋಟದೊಳಗೆ ಓಡುತ್ತಿದ್ದಳು. ಹುಡುಗರು ಬೇಕಂತಲೇ ಅವಳ ಕಿವಿಯ ಹತ್ತಿರ ಹೋಗಿ "ಮ್ಯಾ" ಎನ್ನುತ್ತಿದ್ದರು. ಅವಳು ಪರಚುವುದು, ಮೇಷ್ಟ್ರು ಬಾರಿಸುವುದು, ಅವಳು ಇನ್ನಷ್ಟು ಕಿರುಚುವುದು. ನಮ್ಮ ದಿನ ಶುರುವಾಗುತ್ತಿದ್ದುದೇ ಹಾಗೆ.

ಆಷಾಢದ ಗಾಳಿಗೆ ತೋಟದಲ್ಲಿ ಕಾಯಿ ಧೊಪ್ಪೆಂದು ಬೀಳುತ್ತಿದ್ದ ದಿನಗಳಲ್ಲಿ ಗಿರಿಜಾ ಮಿಸ್ ಬಂದರು. ಊರು ತುರುವೇಕೆರೆ ಕಡೆ. ತಿಪಟೂರಿನಲ್ಲಿ ರೂಮು ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಸಣ್ಣ ಆಳು, ಸಣ್ಣ ದನಿ. ಒಂದರಿಂದ ಮೂರನೇ ಕ್ಲಾಸನ್ನು ಅವರಿಗೆ ಕೊಟ್ಟರು. ಮೊದಲ ದಿನ ನಾವು ಕುಣಿದಾಡಿದ್ದೇ ಕುಣಿದಾಡಿದ್ದು. ಅವರು ಬೈಯಲಿಲ್ಲ. ಬಲಗೈ ಮೇಲೆತ್ತಿ ಸುಮ್ಮನೆ ನಿಂತರು. ನಿಂತೇ ಇದ್ದರು. ಏನಿದು ಎಂದು ನಾವೇ ಒಬ್ಬೊಬ್ಬರಾಗಿ ಸುಮ್ಮನಾದೆವು. ಆಮೇಲೆ ಹೇಳಿದರು, "ಯಾರು ಕೈ ಎತ್ತಿದ್ರೂ ಎಲ್ರೂ ಕೈ ಎತ್ತಿ ಸುಮ್ನಾಗ್ಬೇಕು. ನಾನೇ ಎತ್ಬೇಕು ಅಂತಿಲ್ಲ. ನಿಮ್ಗೆ ತಲೆ ಚಿಟ್ಟು ಹಿಡೀತು ಅನ್ನಿ, ನೀವೂ ಎತ್ಬೋದು."

ನಮಗೆ ಅದು ಆಟವಾಯಿತು. ಆಟವಾಗಿದ್ದದ್ದು ಅಭ್ಯಾಸವಾಯಿತು. ಬಂದ ತಕ್ಷಣ ಜಗಲಿಯಲ್ಲಿ ಚಪ್ಪಲಿ ಸಾಲಾಗಿ ಬಿಡುವುದು, ಒಳಗೆ ಬಂದವರು ಪಕ್ಕದವರ ಹೆಸರು ಹಿಡಿದು "ಬಂದ್ಯಾ?" ಎಂದು ಕೇಳುವುದು, ಊಟಕ್ಕೆ ಮುಂಚೆ ಚಿಕ್ಕವರು ಮೊದಲು ಕೈ ತೊಳೆಯುವುದು, ಚಾಪೆ ಸುತ್ತುವ ಸರದಿ, ಬೋರ್ಡು ಒರೆಸುವ ಸರದಿ. ಸರದಿ ಬಂದವರನ್ನು ನೋಡಬೇಕಿತ್ತು, ಮದುಮಕ್ಕಳ ಹಾಗೆ ಓಡಾಡುತ್ತಿದ್ದರು.

ಹಿಂದಿನ ಕಿಟಕಿಯ ಕೆಳಗೆ ಮಿಸ್ ಒಂದು ಗೋಣಿತಾಟು ಹಾಸಿದರು. ಅದಕ್ಕೆ ತಣ್ಣನೆ ಮೂಲೆ ಎಂದು ಹೆಸರು. ಯಾರಿಗೆ ಕೋಪ ಬಂದರೂ, ಅಳು ಬಂದರೂ ಕೇಳದೆ ಎದ್ದು ಹೋಗಿ ಅಲ್ಲಿ ಕೂರಬಹುದು. ಸರಿಹೋದ ಮೇಲೆ ತಾವಾಗಿಯೇ ಎದ್ದು ಬರಬೇಕು. "ಅಲ್ಲಿ ಕೂತೋರ್ನ ಯಾರೂ ಮಾತಾಡಿಸ್ಬಾರ್ದು, ಮುಟ್ಬಾರ್ದು. ನಾನೂ ಅಷ್ಟೆ" ಎಂದರು ಮಿಸ್.

ಮೊದಮೊದಲು ಈರಿ ಅಲ್ಲಿಗೂ ಹೋಗುತ್ತಿರಲಿಲ್ಲ, ಹೊರಗೇ ಓಡುತ್ತಿದ್ದಳು. ಮಿಸ್ ಹಿಂದೆ ಓಡುತ್ತಿರಲಿಲ್ಲ. ಕಿಟಕಿಯಲ್ಲಿ ನಿಂತು, "ಈರಮ್ಮ, ಜಾಗ ಖಾಲಿ ಐತೆ ಕಣೇ" ಎಂದು ಕೂಗಿ ಪಾಠಕ್ಕೆ ತಿರುಗುತ್ತಿದ್ದರು. ಈರಮ್ಮ ಎಂದು ಪೂರ್ತಿ ಹೆಸರಿನಿಂದ ಸ್ಕೂಲಿನಲ್ಲಿ ಅವಳನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ಒಂದು ದಿನ ಪಕ್ಕದವನು ಅವಳ ಸ್ಲೇಟು ಕಿತ್ತುಕೊಂಡ. ಅವಳ ಉಗುರು ಮೇಲೆದ್ದದ್ದನ್ನು ನಾನೇ ಕಂಡೆ. ಕೈ ಹಾಗೇ ನಿಂತಿತು. ಎದ್ದಳು. ದಬದಬ ಹೆಜ್ಜೆ ಹಾಕಿ ಗೋಣಿತಾಟಿನ ಮೇಲೆ ಕುಕ್ಕರಿಸಿದಳು. ಮಂಡಿಗೆ ಮುಖ ಒತ್ತಿಕೊಂಡು ಬುಸುಗುಟ್ಟುತ್ತಿದ್ದಳು. ನಾವೆಲ್ಲ ಮಗ್ಗಿ ಹೇಳುವವರ ಹಾಗೆ ನಟಿಸಿದೆವು. ಸ್ವಲ್ಪ ಹೊತ್ತಿಗೆ ಬಂದು ನನ್ನ ಪಕ್ಕ ಕೂತು, "ಎಷ್ಟರ ಮಗ್ಗಿ?" ಎಂದಳು. ಮಿಸ್ ಬೋರ್ಡಿನ ಕಡೆಗೇ ಮುಖ ಮಾಡಿಕೊಂಡಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡರು ಅನ್ನಿಸಿತು.

ಅಲ್ಲಿಂದ ದಸರೆಯವರೆಗೆ ನಮ್ಮದು ಸುಖದ ಕಾಲ. ಈರಿ ಕಾಗುಣಿತ ಕಲಿತಳು. ಬಿಡುವಿನಲ್ಲಿ ತೋಟದಲ್ಲಿ ಉದುರಿದ ಎಳೆ ತೆಂಗಿನ ಕುರುಂಬೆಗೆ ಗರಿಕಡ್ಡಿ ಚುಚ್ಚಿ ಕಾಲು ಮಾಡಿ ಕುರಿಮಂದೆ ನಿಲ್ಲಿಸುತ್ತಿದ್ದಳು. "ಮ್ಯಾ" ಎನ್ನುತ್ತಿದ್ದ ಹುಡುಗರೇ ನಂಗೊಂದು, ನಂಗೊಂದು ಎಂದು ಮುಗಿಬೀಳುತ್ತಿದ್ದರು. ಮನೆಯಿಂದ ಸುಟ್ಟ ಹುರುಳಿ ಹಪ್ಪಳ ತಂದು ನನ್ನ ಲಂಗದ ಮಡಿಲಿಗೆ ಹಾಕುತ್ತಿದ್ದಳು, ಕಂಬಳಿಯ ವಾಸನೆಯ ಹಪ್ಪಳ.

ಊರಿಗೆ ಮಾತ್ರ ಸಮಾಧಾನವಿರಲಿಲ್ಲ. ನನ್ನ ದೊಡ್ಡಪ್ಪ ಆಗ ಸ್ಕೂಲು ಕಮಿಟಿಯ ಅಧ್ಯಕ್ಷರು. ಉಣ್ಣುವಾಗ ಕೇಳುತ್ತಿದ್ದರು, "ಇವತ್ತು ಎಷ್ಟು ಏಟು ಬಿತ್ತಮ್ಮ?" ಇಲ್ಲ ಎಂದರೆ, "ಹಂಗಾದ್ರೆ ಪಾಠ ಆಗ್ಲಿಲ್ಲ ಬುಡು" ಎಂದು ನಗುತ್ತಿದ್ದರು. ಅಮ್ಮನಿಗೂ ಅನುಮಾನ. "ಸದ್ದೇ ಕೇಳಾಕಿಲ್ವಲ್ಲೇ ನಿಮ್ ಸ್ಕೂಲಿಂದ. ಅದೇನ್ ಕಲಿಸ್ತಾರೋ."

ದಸರೆ ರಜ ಕಳೆದ ಮೇಲೆ ಮಿಸ್ಸನ್ನು ಒಂದು ತರಬೇತಿಗೆ ಚಿಕ್ಕನಾಯಕನಹಳ್ಳಿಗೆ ಕರೆಸಿಕೊಂಡರು. ಅವತ್ತು ದೊಡ್ಡ ಮೇಷ್ಟ್ರು ಐದೂ ಕ್ಲಾಸನ್ನು ನಮ್ಮ ಕೋಣೆಯಲ್ಲೇ ತುಂಬಿದರು. ಹಿಂಗಾರು ಮಳೆ ಜೋರಾಗಿತ್ತು. ಒಂದು ಕಡೆ ಹೆಂಚು ಸೋರಿ ನೆಲ ಒದ್ದೆಯಾಗಿತ್ತು, ಇನ್ನೊಂದು ಕಡೆಗೆ ಎಲ್ಲರೂ ಒತ್ತರಿಸಿಕೊಂಡು ಕೂತಿದ್ದೆವು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಐದನೇ ಕ್ಲಾಸಿನ ಮಂಜ ಹಿಂದಿನಿಂದ ಈರಿಯ ಜಡೆ ಎಳೆದು "ಮ್ಯಾ" ಎಂದ. ಸುತ್ತಲೂ ಗೊಳ್ಳೆಂದರು. ಈರಿ ಎರಡೂ ಕಿವಿ ಮುಚ್ಚಿಕೊಂಡಳು. ಯಾರನ್ನೂ ಪರಚಲಿಲ್ಲ. ಎದ್ದು ಎಲ್ಲರನ್ನೂ ದಾಟಿಕೊಂಡು ಹೋಗಿ ಕಿಟಕಿಯ ಕೆಳಗೆ ಕೂತುಬಿಟ್ಟಳು.

"ಯಾರೇ ಅದು, ಹೇಳ್ದೆ ಕೇಳ್ದೆ ಎದ್ದೋಗಿದ್ದು?" ಮೇಷ್ಟ್ರು ತಿರುಗಿದರು. "ಬಾರೇ ಇಲ್ಲಿ."

ಈರಿ ತಲೆ ಎತ್ತಲಿಲ್ಲ. ಅಲ್ಲಿ ಕೂತವರನ್ನು ಮಾತಾಡಿಸಬಾರದು ಎಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು? ನನಗೆ ತೋಚಿದ್ದು ಒಂದೇ. ಕೈ ಎತ್ತಿದೆ. ನನ್ನನ್ನು ನೋಡಿ ನಮ್ಮ ಕ್ಲಾಸಿನವರು ಎತ್ತಿದರು, ಒಂದನೇ ಕ್ಲಾಸಿನ ಪುಟಾಣಿಗಳೂ ಎತ್ತಿದವು. ಎಲ್ಲರ ಬಾಯಿಯೂ ಮುಚ್ಚಿತ್ತು.

ಮೇಷ್ಟ್ರ ಮುಖ ಕೆಂಪಾಯಿತು. "ಏನ್ರೋ ಇದು? ನನ್ನೇ ಆಡ್ಕೊತೀರಾ?" ಎನ್ನುತ್ತಾ ಬರಲು ಹಿಡಿದು ಮೂಲೆಗೆ ನುಗ್ಗಿದರು. ಒಂದು ಏಟು ಬಿತ್ತು, ಎರಡು ಬಿತ್ತು. ಈರಿ ಅಲುಗಲಿಲ್ಲ. ಅವರು ರಟ್ಟೆ ಹಿಡಿದು ಎಳೆದಾಗ ಮಾತ್ರ ಅವರ ಕೈಗೆ ಬಾಯಿ ಹಾಕಿ ಕಚ್ಚಿದಳು. ಮೇಷ್ಟ್ರು ಕೈ ಕೊಡವಿ ಹಿಂದೆ ಸರಿದರು, ಒದ್ದೆ ನೆಲದಲ್ಲಿ ಕಾಲು ಜಾರಿತು, ಮುಗ್ಗರಿಸಿದ ಅವರ ಹಣೆ ಕಿಟಕಿಯ ಪಟ್ಟಿಗೆ ಬಡಿಯಿತು. ಹಣೆಯಿಂದ ರಕ್ತ ಇಳಿದು ಬಿಳಿ ಅಂಗಿ ತುಂಬಾ ಹರಡಿತು. ಅಡುಗೆಯ ಅಕ್ಕ ಓಡಿ ಬಂದಳು, ರಸ್ತೆ ಬದಿಯ ಟೀ ಅಂಗಡಿಯಲ್ಲಿದ್ದವರೆಲ್ಲ ಬಂದರು.

ಮಾರನೆಯ ದಿನ ಜಗಲಿಯಲ್ಲಿ ಪಂಚಾಯ್ತಿ. ಮೇಷ್ಟ್ರು ತಲೆಗೆ ಬಟ್ಟೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಈರಿಯ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ, ಅವನ ಹಿಂದೆ ಈರಿ. ಗಿರಿಜಾ ಮಿಸ್ ಕಂಬದ ಪಕ್ಕ ನಿಂತಿದ್ದರು. ನಾವೆಲ್ಲ ಬಾಗಿಲಲ್ಲಿ.

"ಅಲ್ಲ ಕಣ್ರೀ ಮೇಡಂ, ಮಕ್ಳಿಗೆ ಭಯ ಅನ್ನೋದೇ ಇಲ್ದಂಗೆ ಮಾಡ್ಬುಟ್ರಲ್ಲ" ಎಂದರು ದೊಡ್ಡಪ್ಪ. "ನಮ್ಮನ್ನೆಲ್ಲ ಇವ್ರು ಹೊಡ್ದೇ ಅಲ್ವಾ ಮನುಷ್ಯರು ಮಾಡಿದ್ದು?"

"ಆ ಮಗು ತಪ್ಪು ಮಾಡ್ಲಿಲ್ಲ ಸಾರ್" ಎಂದರು ಮಿಸ್. "ಕೋಪ ಬಂದ್ರೆ ಯಾರ ಮೇಲೂ ಕೈ ಮಾಡ್ಬೇಡ, ಅಲ್ಲೋಗಿ ಕೂತ್ಕೋ ಅಂತ ಹೇಳಿಕೊಟ್ಟೋಳು ನಾನು. ಅವಳು ಅದನ್ನೇ ಮಾಡಿದ್ದು."

"ಮೇಷ್ಟ್ರ ತಲೆ ಒಡೆಯೋದನ್ನೂ ನೀವೇ ಹೇಳಿಕೊಟ್ರಾ?" ಎಂದ ಯಾರೋ. ಸುತ್ತ ಇದ್ದವರು ನಕ್ಕರು.

ನನಗೆ ಎಲ್ಲಿಂದ ಬಂತೋ, ಮುಂದೆ ಹೋಗಿ ನಿಂತೆ. "ದೊಡ್ಡಪ್ಪ, ಮಂಜ ಜಡೆ ಎಳೆದ. ಈರಿ ಏನೂ ಮಾಡ್ಲಿಲ್ಲ, ಹೊಡ್ದು ಎಳೆದ್ಮೇಲೇ ಕಚ್ಚಿದ್ದು. ಕೈ ಎತ್ತಿದ್ದು ನಾನು. ಮೇಷ್ಟ್ರನ್ನ ಆಡ್ಕೊಳ್ಳಾಕಲ್ಲ, ಅದು ನಮ್ ಕ್ಲಾಸಿನ ರೂಢಿ. ಅವರೇ ಜಾರಿ ಬಿದ್ರು" ಎಂದೆ. ಒಂದೇ ಉಸಿರಿಗೆ, ಕಂಡದ್ದನ್ನೆಲ್ಲ ಕಂಡ ಹಾಗೆ ಹೇಳಿದೆ.

ದೊಡ್ಡಪ್ಪ ನನ್ನ ತಲೆ ಸವರಿದರು. "ನಮ್ ಹುಡ್ಗಿ ಚೆಂದಾಗಿ ಮಾತಾಡ್ತಳೆ. ಲಾಯ್ರಿಗೆ ಓದಿಸ್ಬೇಕು" ಎಂದು ಜನರ ಕಡೆ ತಿರುಗಿದರು. ಎಲ್ಲರೂ ನಕ್ಕರು. ನಮ್ಮಪ್ಪನೂ ನಕ್ಕ. ನಾನು ಹೇಳಿದ್ದು ಅಲ್ಲಿಗೆ ಮುಗಿಯಿತು. ಬೈದಿದ್ದರೆ, ಸುಳ್ಳು ಎಂದಿದ್ದರೆ ಇಷ್ಟು ದಿನ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಈರಿಯ ಅಪ್ಪ ಕೈ ಮುಗಿದ. "ನನ್ ಮಗಳದ್ದೇ ತಪ್ಪು ಬುಡ್ರಪ್ಪ. ಕರ್ಕಂಡೋಯ್ತೀನಿ." ಮಿಸ್ ಮೆಟ್ಟಿಲಿಳಿದು, "ಬೇಡಿ, ಅವಳಿಗೆ ಈಗಷ್ಟೇ ಓದೋಕೆ ಬರ್ತಾ ಐತೆ" ಎನ್ನುತ್ತಿದ್ದ ಹಾಗೆಯೇ ಅವನು ಮಗಳ ಕೈ ಹಿಡಿದು ಹೊರಟ. ಈರಿ ತಿರುಗಿ ತಿರುಗಿ ಮಿಸ್ಸಿನ ಮುಖ ನೋಡುತ್ತಿದ್ದಳು. ಹೇಳಿದ ಹಾಗೇ ಮಾಡಿದೆನಲ್ಲ, ಮತ್ತೆ ಯಾಕೆ ಎನ್ನುವ ಹಾಗಿತ್ತು ಆ ನೋಟ.

ಸ್ವಲ್ಪ ದಿನಕ್ಕೆ ಮಿಸ್ಸನ್ನು ಬೇರೆ ಸ್ಕೂಲಿಗೆ ಕಳಿಸಿದರು. ಹೋಗುವ ದಿನ ಎಲ್ಲರಿಗೂ ಒಂದೊಂದು ಕೊಬ್ಬರಿ ಮಿಠಾಯಿ ಕೊಟ್ಟು, "ನಾನಿಲ್ದಿದ್ರೂ ಎಲ್ಲಾ ಹಿಂಗೇ ನಡಸ್ಕೊಂಡು ಹೋಗ್ತೀರಲ್ವಾ?" ಎಂದರು. "ಹೂಂ ಮಿಸ್" ಎಂದು ಕೂಗಿದೆವು.

ನಡೆಸಲು ನೋಡಿದೆವು. ನಾನು ಕೈ ಎತ್ತಿದರೆ ಹಿಂದೆ ಕೂತವರು ಎರಡೂ ಕೈ ಎತ್ತಿ "ಕಾಪಾಡ್ರಪ್ಪೋ" ಎಂದು ಅಣಕಿಸುತ್ತಿದ್ದರು. ಚಪ್ಪಲಿಯ ಸಾಲು ಮೊದಲು ಹೋಯಿತು, ಆಮೇಲೆ ಸರದಿ. ಗೋಣಿತಾಟನ್ನು ಮಾತ್ರ ದೊಡ್ಡ ಮೇಷ್ಟ್ರು ತೆಗೆಸಲಿಲ್ಲ. ತಪ್ಪು ಮಾಡಿದವರು ಅದರ ಮೇಲೆ ಮಂಡಿಯೂರಿ, ಕೈ ಚಾಚಿ, ಗೋಡೆ ನೋಡಿಕೊಂಡು ಇರಬೇಕೆಂದರು. ತಣ್ಣನೆ ಮೂಲೆ ಎಂಬ ಹೆಸರೂ ಹಾಗೇ ಉಳಿಯಿತು. "ಹೋಗ್ತೀಯೇನೋ ತಣ್ಣನೆ ಮೂಲೆಗೆ?" ಎಂದರೆ ಸಾಕು, ಚಿಕ್ಕವು ಅಳಲು ಶುರುಮಾಡುತ್ತಿದ್ದವು.

ಸಂಕ್ರಾಂತಿಯ ಹೊತ್ತಿಗೆ ಅಮ್ಮನ ಜೊತೆ ಎಳ್ಳು ಬೀರಲು ಹಟ್ಟಿಗೆ ಹೋಗಿದ್ದೆ. ಈರಿ ಬೇಲಿಯ ಹತ್ತಿರ ಕುರಿಮರಿಗಳನ್ನು ದೊಡ್ಡಿಗೆ ಕೂಡುತ್ತಿದ್ದಳು. ನನ್ನನ್ನು ಕಂಡು ಬಂದಳು.

"ಮಿಸ್ ಇನ್ನೂ ಅವ್ರಾ?"

"ಹೋದ್ರು ಕಣೇ."

ಮರಿಯೊಂದನ್ನು ಒಳಕ್ಕೆ ದಬ್ಬಿ, "ಆ ಗೋಣಿತಾಟು?" ಎಂದಳು.

"ಐತೆ" ಎಂದೆ. ಇನ್ನೇನು ಹೇಳಲಿ. ಅವಳ ಮುಖದಲ್ಲಿ ಸ್ವಲ್ಪ ಗೆಲುವು ಬಂತು. ಮುಂದೆ ಮೈನೆರೆದ ಮರುವರ್ಷವೇ ಅವಳನ್ನು ಹುಳಿಯಾರಿನ ಕಡೆ ಕೊಟ್ಟರು. ಮತ್ತೆ ನಾನು ಅವಳನ್ನು ಕಾಣಲಿಲ್ಲ. ಸಿಟ್ಟು ಬಂದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ, ದೆವ್ವ ಮೆಟ್ಟಿದೆ ಅಂತಾರೆ ಎಂದು ಹಟ್ಟಿಯವರೊಬ್ಬರು ಹೇಳಿದರು.

ಹೋದ ವರ್ಷ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಗಿರಿಜಾ ಮಿಸ್ ಸಿಕ್ಕರು. ಕೂದಲು ಪೂರ್ತಿ ನರೆತಿತ್ತು, ಮಂಡಿನೋವಿಗೆ ಪಟ್ಟಿ ಕಟ್ಟಿದ್ದರು. ನಾನು ಪರಿಚಯ ಹೇಳಿಕೊಂಡೆ. ಊರಿನ ಸ್ಕೂಲಿಗೆ ಮಕ್ಕಳಿಲ್ಲದೆ ಬೀಗ ಬಿದ್ದಿದೆ ಎಂದೆ. ನನ್ನ ಮಗ ವ್ಯಾನಿನಲ್ಲಿ ಇಂಗ್ಲಿಷ್ ಸ್ಕೂಲಿಗೆ ಹೋಗುತ್ತಾನೆ, ಮನೆಗೆ ಬಂದು ದಿಂಬುಗಳನ್ನು ಸಾಲಾಗಿ ಕೂರಿಸಿ ಸ್ಕೇಲಿನಲ್ಲಿ ಹೊಡೆಯುತ್ತಾನೆ, ಅವನ ಸ್ಕೂಲಾಟ ಅದು ಎಂದೆ. ನಗುತ್ತಾರೆ ಅಂದುಕೊಂಡಿದ್ದೆ.

"ನಾನೂ ಆಮೇಲೆ ಕೋಲು ಹಿಡಿದೆ ಕಣಮ್ಮ" ಎಂದರು. "ಕೋಲು ಹಿಡೀಬಾರ್ದು ಅಂತ ಆರ್ಡರ್ ಬಂದ ಮೇಲೆ ಬಾಯಿ ಮಾಡ್ದೆ. ಏನ್ಮಾಡ್ಲಿ? ನಿಮ್ಮೂರಲ್ಲಿ ಏನೋ ಹುಚ್ಚು, ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅದೆಲ್ಲ ಆಗೋ ಮಾತಲ್ಲ."

"ಆಗಿತ್ತಲ್ಲ ಮಿಸ್" ಎಂದೆ. "ನಾವೆಲ್ಲ ಸುಮ್ನಾಗ್ತಿದ್ವಿ. ಈರಿ ಓದ್ತಿದ್ಳು. ನಾನು ಕಣ್ಣಾರೆ ನೋಡಿದ್ದೀನಿ."

ಮಿಸ್ ಬಹಳ ಹೊತ್ತು ನನ್ನ ಮುಖ ನೋಡಿದರು. ಈರಿ ಎಂದರೆ ಯಾರೆಂದು ಅವರಿಗೆ ನೆನಪಾಗಲಿಲ್ಲ ಎಂದು ಆಗ ಗೊತ್ತಾಯಿತು.

"ನೀನು ಆವಾಗ ತುಂಬ ಚಿಕ್ಕೋಳು ಕಣಮ್ಮ" ಎಂದು ನನ್ನ ಕೆನ್ನೆ ತಟ್ಟಿ, ತುರುವೇಕೆರೆ ಬಸ್ಸು ಹತ್ತಿದರು.