ಪ್ರಿಂಟರ್ ಎದ್ದುಹೋದ ದಿನ

ಚನ್ನರಾಯಪಟ್ಟಣದಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಅಲ್ಲಿನ ಲಿನಕ್ಸ್ ಕಂಪ್ಯೂಟರಿನಲ್ಲಿರುವುದು ಹಳೆಯ, ಪಳಗಿದ ‘ಸ್ಟೇಬಲ್’ ಆವೃತ್ತಿ. ಮೊನ್ನೆ ಕಾರ್ಡು ಅಂದವಾಗಿ ಜೋಡಿಸುವ ಹೊಸ ಪ್ರೋಗ್ರಾಂ ಒಂದನ್ನು, ಇನ್ನೂ ಪರೀಕ್ಷೆಯಲ್ಲಿರುವ ‘ಟೆಸ್ಟಿಂಗ್’ ಆವೃತ್ತಿಯಿಂದ ತರಿಸಿ ಹಾಕಿದೆ. ಅದೇನೋ ಬಂತು, ಆದರೆ ಪ್ರಿಂಟರ್ ಕೆಲಸ ನಿಲ್ಲಿಸಿತು. ಮೊಮ್ಮಗಳ ನಾಮಕರಣದ ಕಾರ್ಡಿಗೆಂದು ಶಾಂತಿಗ್ರಾಮದಿಂದ ಬಂದ ನಿಂಗಮ್ಮ ಬೆಂಚಿನ ಮೇಲೆ ಕಾಯುತ್ತಿದ್ದರು.

ಹಾಸನದಿಂದ ಬಂದ ರಿಪೇರಿಯವನು ಪರದೆ ನೋಡಿ, ನನ್ನತ್ತ ತಿರುಗಿ ನಕ್ಕ.

“ಅಜ್ಜೀ, ನೀವು ಕರೆದಿದ್ದು ಒಬ್ಬನ್ನ. ಅವನು ಟೆಸ್ಟಿಂಗ್‌ನಲ್ಲಿರೋ ನೆಂಟ್ರು ಪ್ರೋಗ್ರಾಂಗಳ್ನೆಲ್ಲಾ ಕರ್ಕೊಂಡ್ ಬಂದ್ಬುಟ್ಟವ್ನೆ. ಅವ್ರ ಜೊತೆ ಒಗ್ಗದೆ ಪ್ರಿಂಟರ್ ನಡ್ಸೋ ಪ್ರೋಗ್ರಾಂನೋರು ಎದ್ದೋಗವ್ರೆ.”

“ನಾಳೀಕೆ ಕಾರ್ಡು ಅಂಚ್ಬೇಕು ಕಣಪ್ಪಾ! ಆ ನೆಂಟ್ರನ್ನ ಓಡ್ಸು ಅತ್ಲಾಗೆ!” ಎಂದು ನಿಂಗಮ್ಮ ಗದರಿದರು.

ಅವನು ಕೆಲವರನ್ನು ಕಳಿಸಿ, ಕೆಲವರನ್ನು ಉಳಿಸಿ, ಪ್ರಿಂಟರನ್ನು ವಾಪಸ್ ಕೂರಿಸಿದ. “ಇನ್ಮೇಲೆ ಟೆಸ್ಟಿಂಗ್‌ನೋರು ಎಸ್ರು ಇಡಿದು ಕರೆದ್ರೆ ಮಾತ್ರ ಬತ್ತಾರೆ,” ಎಂದ. ಅಚ್ಚಾದ ಕಾರ್ಡುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂಗಮ್ಮ ಬಸ್ಸಿಗೆ ಓಡಿದರು.

ನನ್ನ ತಲೆ ಮಾತ್ರ ಗೊಂದಲದಲ್ಲೇ ಇತ್ತು.

“ಹಾಗಾದರೆ ಇದು ಈಗ ಸ್ಟೇಬಲ್ಲೋ, ಟೆಸ್ಟಿಂಗೋ?”

“ಎಲ್ಡೂ ಕಣಜ್ಜಿ. ಮನೆ ಸ್ಟೇಬಲ್‌ನೋರ್ದು, ಉಳ್ಕೊಂಡಿರೋ ನೆಂಟ್ರು ಟೆಸ್ಟಿಂಗ್‌ನೋರು.”

ಒಂದೇ ಯಂತ್ರ ಎರಡೂ ಹೇಗಾದೀತೆಂದು ಇನ್ನೂ ನನಗೆ ಅರ್ಥವಾಗಿಲ್ಲ. ಬೀದರಿನಲ್ಲಿ ಹುಟ್ಟಿ ಇಲ್ಲಿ ಮುದುಕಿಯಾದ ನಾನೂ ಯಾವ ಊರಿನವಳೆಂದು ಕೇಳಿದರೆ ಎರಡೂ ಎನ್ನುವವಳೇ; ಹೆಚ್ಚು ಕೆದಕಲೂ ಹೋಗಲಿಲ್ಲ.